ಯಾವ ಕೆಲಸಕ್ಕೆ ಯಾವ ಎಐ: ಡಿಗ್ರಿ ಓದುವವರಿಗೊಂದು ಹೋಲಿಕೆ

"ಮೇಡಂ, ಯಾವ ಎಐ ಒಳ್ಳೇದು?" ಸೆಮಿಸ್ಟರ್ ಶುರುವಾದ ಮೊದಲ ವಾರವೇ ಈ ಪ್ರಶ್ನೆ ಬಂದುಬಿಡುತ್ತದೆ. ನಾನು ಒಂದು ಡಿಗ್ರಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಬಿಎ, ಬಿಕಾಂ, ಬಿಸಿಎ ಎಲ್ಲರೂ ಭಾಷಾ ತರಗತಿಗೆ ಬರುತ್ತಾರೆ, ಹಾಗಾಗಿ ಎಲ್ಲ ವಿಭಾಗದ ಅಸೈನ್‌ಮೆಂಟ್ ಕಷ್ಟಗಳೂ ನನ್ನ ಕಿವಿಗೆ ಬೀಳುತ್ತವೆ. 2025ರ ಜುಲೈನಲ್ಲಿ ಏರ್‌ಟೆಲ್ ತನ್ನ ಗ್ರಾಹಕರಿಗೆ ಪರ್ಪ್ಲೆಕ್ಸಿಟಿ ಪ್ರೊ ಅನ್ನುವ ಎಐ ಒಂದು ವರ್ಷ ಫ್ರೀ ಅಂತ ಹೇಳಿತು. ಅಕ್ಟೋಬರ್ ಕೊನೆಗೆ ಜಿಯೊ ಜೆಮಿನಿ ಪ್ರೊ ಕೊಡಲು ಶುರು ಮಾಡಿತು. ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಗೋ ಕೂಡ ಭಾರತದವರಿಗೆ ಒಂದು ವರ್ಷ ಉಚಿತವಾಯಿತು. ಅಲ್ಲಿಂದಾಚೆ ಹೆಚ್ಚಿನವರು ಆರಿಸಿದ್ದು ಸಿಮ್ ನೋಡಿಕೊಂಡು.

ನಾನು ಬೇರೆ ರೀತಿಯಲ್ಲಿ ಆರಿಸಿ ಅನ್ನುತ್ತೇನೆ. ಮೊದಲು ಕೆಲಸ ಯಾವುದು ಹೇಳಿ. ಪಾಠ ಅರ್ಥ ಮಾಡಿಕೊಳ್ಳುವುದಾ, ರೆಫರೆನ್ಸ್ ಹುಡುಕುವುದಾ, ಪರೀಕ್ಷೆಗೆ ಓದುವುದಾ, ಕೋಡ್ ಬರೆಯುವುದಾ? ಆಮೇಲೆ ಒಂದೇ ಒಂದು ವಿಷಯ ನೋಡಿ: ಅದು ಕೊಟ್ಟ ಉತ್ತರ ಸರಿಯೋ ತಪ್ಪೋ ಅಂತ ನೀವೇ ಪರೀಕ್ಷಿಸಲು ದಾರಿ ಇದೆಯಾ? ದಾರಿ ಇದ್ದರೆ ಬಳಸಿ. ಇಲ್ಲದಿದ್ದರೆ ಆ ಕೆಲಸಕ್ಕೆ ಆ ಟೂಲ್ ಬೇಡ, ಅದು ಎಷ್ಟೇ ಚೆನ್ನಾಗಿ ಬರೆದುಕೊಟ್ಟರೂ.

ಒಂದು ವಚನದ ಕಥೆ

ನಾನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಬಿಕಾಂ ಮೊದಲ ವರ್ಷದ ಹುಡುಗಿಯೊಬ್ಬಳು ಕಾಯಕದ ಬಗ್ಗೆ ಐದು ವಚನ ಬರೆದು ತಂದಿದ್ದಳು. ಅಕ್ಷರ ದುಂಡಗಿತ್ತು, ಮಾರ್ಜಿನ್ ಕೆಂಪು ಪೆನ್ನಿನಲ್ಲಿ ಎಳೆದಿದ್ದಳು, ಪ್ರತಿ ವಚನದ ಕೆಳಗೆ ಭಾವಾರ್ಥ ಇತ್ತು. ಮೂರನೆಯ ವಚನ ಓದುತ್ತಿದ್ದಂತೆ ತಡೆಯಿತು. ಕೊನೆಗೆ ಕೂಡಲಸಂಗಮದೇವ ಅಂಕಿತ ಇದೆ, ಓಟವೂ ಪರವಾಗಿಲ್ಲ, ಆದರೆ ನಡುವೆ 'ಮಾನವೀಯ ಮೌಲ್ಯ' ಅನ್ನುವ ಮಾತು ಬಂದಿದೆ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣ ಹಾಗೆ ಮಾತಾಡಿರಲು ಸಾಧ್ಯವೇ? ಅವಳನ್ನು ಪಕ್ಕದಲ್ಲೇ ಕೂರಿಸಿಕೊಂಡು ವಚನ ಸಂಚಯ ಅನ್ನುವ ವೆಬ್‌ಸೈಟ್‌ನಲ್ಲಿ ಹುಡುಕಿದೆವು. ಅಲ್ಲಿ ಶರಣರ ವಚನಗಳನ್ನು ಪದ ಹಾಕಿ ಹುಡುಕಬಹುದು. ಒಂದೊಂದೇ ಸಾಲಿನ ಪದ ಹಾಕಿ ನೋಡಿದೆವು, ಎಲ್ಲೂ ಇಲ್ಲ. ಬಸವಣ್ಣನಲ್ಲೂ ಇಲ್ಲ, ಬೇರೆ ಯಾರಲ್ಲೂ ಇಲ್ಲ. ಎಐ ಐದು ಕೇಳಿದ್ದಕ್ಕೆ ಐದು ಕೊಟ್ಟಿತ್ತು, ಸಾಲದ್ದನ್ನು ತಾನೇ ಕಟ್ಟಿತ್ತು.

ಅವಳು ಮೋಸ ಮಾಡಿರಲಿಲ್ಲ. "ಅಂಕಿತ ಸರಿ ಇತ್ತಲ್ಲ ಮೇಡಂ" ಅಂದಳು, ಕಣ್ಣಲ್ಲಿ ನೀರು. ನನಗೂ ಕಷ್ಟವಾಯಿತು. ಅಂಕಿತ ನೋಡಿ ವಚನಕಾರರನ್ನು ಗುರುತಿಸಿ ಅಂತ ಹೇಳಿಕೊಟ್ಟವಳು ನಾನೇ. ಈಗ ಅದು ಸಾಕಾಗುವುದಿಲ್ಲ.

ಅವಳ ಇನ್ನೊಂದು ವಚನದಲ್ಲಿ 'ಕಾಯಕವೇ ಕೈಲಾಸ' ಅನ್ನುವುದು ಬಸವಣ್ಣನ ಹೆಸರಲ್ಲಿತ್ತು. ಆ ಮಾತು ಆಯ್ದಕ್ಕಿ ಮಾರಯ್ಯನ ವಚನದ್ದು, ಅಂಕಿತ ಅಮರೇಶ್ವರಲಿಂಗ. ಈ ತಪ್ಪನ್ನು ಎಐ ಒಂದೇ ಮಾಡುವುದಲ್ಲ, ಭಾಷಣಗಳಲ್ಲಿ, ಗೋಡೆ ಬರಹಗಳಲ್ಲಿ ವರ್ಷಗಳಿಂದ ಇದೆ. ಎಐ ಕಲಿತದ್ದು ನಾವು ಬರೆದು ಹಾಕಿದ್ದರಿಂದಲೇ ಅಲ್ವಾ? ಜಾಸ್ತಿ ಜನ ಹೇಳಿದ ತಪ್ಪು ಅದರ ಬಾಯಲ್ಲಿ ಇನ್ನೂ ಗಟ್ಟಿಯಾಗಿ ಬರುತ್ತದೆ.

ಪಾಠ ಅರ್ಥ ಮಾಡಿಕೊಳ್ಳಲು: ಸಾಮಾನ್ಯ ಚಾಟ್ ಅಥವಾ ಸ್ಟಡಿ ಮೋಡ್

ಇಲ್ಲಿ ಮನಸ್ಸು ಬಿಚ್ಚಿ ಬಳಸಿ. ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದು, ಬಿಕಾಂನಲ್ಲಿ ಇದ್ದಕ್ಕಿದ್ದಂತೆ ಎಲ್ಲ ಇಂಗ್ಲಿಷ್ ಆದಾಗ ಒಳಗೊಳಗೇ ಕುಗ್ಗಿ ಹೋಗುವ ಮಕ್ಕಳನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ತರಗತಿಯಲ್ಲಿ ಕೈ ಎತ್ತಿ ಕೇಳಲು ನಾಚಿಕೆ. ಅಂಥವರಿಗೆ ಈ ಟೂಲ್‌ಗಳು ನಿಜವಾಗಿ ಆಸರೆ. 'ಬೇಡಿಕೆಯ ಸ್ಥಿತಿಸ್ಥಾಪಕತ್ವ ಅಂದರೆ ಏನು, ಟೊಮೇಟೊ ಮತ್ತು ಉಪ್ಪಿನ ಬೆಲೆ ಇಟ್ಟುಕೊಂಡು ಕನ್ನಡದಲ್ಲಿ ಹೇಳು' ಅಂತ ಕೇಳಿ ನೋಡಿ. ಉಪ್ಪಿನ ಬೆಲೆ ಏರಿದರೂ ನಾವು ಹೆಚ್ಚುಕಡಿಮೆ ಅಷ್ಟೇ ಕೊಳ್ಳುತ್ತೇವೆ, ಟೊಮೇಟೊ ಏರಿದರೆ ಹುಣಸೆಹಣ್ಣಿಗೆ ಹೋಗುತ್ತೇವೆ ಅಂತ ಬಂದರೆ ವಿಷಯ ಹತ್ತು ನಿಮಿಷದಲ್ಲಿ ತಲೆಗೆ ಹೋಗುತ್ತದೆ. ಇದು ಸರಿಯಾ ಅಂತ ನೋಡಲು ನಿಮ್ಮ ಟೆಕ್ಸ್ಟ್‌ಬುಕ್ ಪಕ್ಕದಲ್ಲೇ ಇದೆ.

ಇಂಥ ವಿವರಣೆಗೆ ಚಾಟ್‌ಜಿಪಿಟಿ, ಜೆಮಿನಿ, ಕ್ಲಾಡ್ ಮೂರರಲ್ಲಿ ಯಾವುದಾದರೂ ನಡೆಯುತ್ತದೆ. ವ್ಯತ್ಯಾಸ ಇರುವುದು ನೀವು ಹೇಗೆ ಕೇಳುತ್ತೀರಿ ಅನ್ನುವುದರಲ್ಲಿ. ಚಾಟ್‌ಜಿಪಿಟಿಯಲ್ಲಿ 2025ರ ಜುಲೈಯಿಂದ ಸ್ಟಡಿ ಮೋಡ್ ಇದೆ, ಮರುತಿಂಗಳೇ ಜೆಮಿನಿಯಲ್ಲಿ ಗೈಡೆಡ್ ಲರ್ನಿಂಗ್ ಬಂತು. ಇವೆರಡೂ ಸೀದಾ ಉತ್ತರ ಕೊಡುವುದರ ಬದಲು ನಿಮ್ಮನ್ನೇ ಪ್ರಶ್ನೆ ಕೇಳುತ್ತಾ ಮುಂದೆ ಕರೆದುಕೊಂಡು ಹೋಗುತ್ತವೆ. ಮೊದಲ ದಿನ ಕಿರಿಕಿರಿ ಅನ್ನಿಸುತ್ತದೆ, ಬೇಗ ಮುಗಿಸಬೇಕು ಅಂತ ಕೂತಿರುತ್ತೀರಿ, ಅದು ನೋಡಿದರೆ 'ನಿನಗೆ ಏನನ್ನಿಸುತ್ತದೆ' ಅಂತ ಕೇಳುತ್ತದೆ. ಆದರೆ ಇಂಟರ್ನಲ್ಸ್ ಹಿಂದಿನ ವಾರ ಇದೇ ಮೋಡ್‌ನಲ್ಲಿ ಕೂತವರಿಗೂ, ಉತ್ತರ ತೆಗೆದು ಜೆರಾಕ್ಸ್ ಮಾಡಿಸಿಕೊಂಡವರಿಗೂ ವ್ಯತ್ಯಾಸ ನನಗೆ ಎದುರು ನಿಂತು ಮಾತಾಡಿದ ಎರಡು ನಿಮಿಷದಲ್ಲೇ ಗೊತ್ತಾಗುತ್ತದೆ.

ಪರೀಕ್ಷೆಗೆ ಓದಲು: ನೋಟ್‌ಬುಕ್‌ಎಲ್‌ಎಂ

ಒಂದೇ ಒಂದು ಟೂಲ್ ಕಲಿಯಿರಿ ಅಂತ ಹೇಳುವುದಾದರೆ ನಾನು ಇದನ್ನೇ ಹೇಳುತ್ತೇನೆ. ಗೂಗಲ್‌ನದ್ದು. ನಿಮ್ಮ ಸಿಲಬಸ್, ಮೇಷ್ಟ್ರು ಕೊಟ್ಟ ನೋಟ್ಸ್, ಹಳೆಯ ಪ್ರಶ್ನೆಪತ್ರಿಕೆ ಎಲ್ಲ ಅದಕ್ಕೆ ಹಾಕಿದರೆ, ಅವುಗಳ ಒಳಗಿನಿಂದ ಉತ್ತರ ಕೊಡುತ್ತದೆ. ಉತ್ತರದ ಪಕ್ಕ ಸಣ್ಣ ನಂಬರ್ ಇರುತ್ತದೆ, ಒತ್ತಿದರೆ ನಿಮ್ಮ ನೋಟ್ಸ್‌ನ ಅದೇ ಸಾಲು ತೆರೆಯುತ್ತದೆ. ನಾನು ಹೇಳಿದ ಪರೀಕ್ಷಿಸುವ ದಾರಿ ಅಂದರೆ ಇದೇ. ಉಚಿತ ಖಾತೆಯಲ್ಲೂ ಒಂದು ನೋಟ್‌ಬುಕ್‌ಗೆ 50 ಫೈಲ್ ಹಾಕಬಹುದು, ಒಂದು ಪೇಪರ್‌ಗೆ ಧಾರಾಳ. ಹಾಗಂತ ತಪ್ಪೇ ಮಾಡುವುದಿಲ್ಲ ಅಂತಲ್ಲ, ಸಾಲನ್ನು ತಪ್ಪಾಗಿ ಅರ್ಥ ಮಾಡಿಕೊಂಡಿರಬಹುದು. ಆ ನಂಬರ್ ಒತ್ತುವ ಅಭ್ಯಾಸ ಬಿಡಬೇಡಿ.

ಕನ್ನಡ ನೋಟ್ಸ್ ಹಾಕುವವರಿಗೆ ಒಂದು ಮಾತು. ನಮ್ಮಲ್ಲಿ ಎಷ್ಟೋ ನೋಟ್ಸ್ ಇನ್ನೂ ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಟೈಪ್ ಆಗಿವೆ, ಎಲ್ಲ ಫೋನ್, ಕಂಪ್ಯೂಟರ್‌ಗಳೂ ಓದುವ ಯೂನಿಕೋಡ್‌ನಲ್ಲಿ ಅಲ್ಲ. ಸ್ಕ್ರೀನ್ ಮೇಲೆ ಕನ್ನಡದಂತೆ ಕಂಡರೂ ಒಳಗೆ ಇರುವುದು ಚಿತ್ರವಿಚಿತ್ರ ರೋಮನ್ ಅಕ್ಷರಗಳ ರಾಶಿ. ಅಂಥ ಪಿಡಿಎಫ್ ಹಾಕಿದರೆ ಅಕ್ಷರ ಸರಿಯಾಗಿ ಸಿಗದೆ, ಟೂಲ್ ಓದಲಾಗುವುದಿಲ್ಲ ಅನ್ನಬಹುದು, ಇಲ್ಲವೇ ಊಹೆ ಮಾಡಿ ಏನೋ ಹೇಳಬಹುದು. ಎರಡನೆಯದು ಅಪಾಯ. ಪರೀಕ್ಷಿಸುವುದು ಸುಲಭ: ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ಪೇಸ್ಟ್ ಮಾಡಿ. ಕನ್ನಡ ಬಂದರೆ ಸರಿ. ಕಲಸುಮೇಲೋಗರ ಬಂದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ.

ರೆಫರೆನ್ಸ್ ಹುಡುಕಲು: ಪರ್ಪ್ಲೆಕ್ಸಿಟಿ ಅಥವಾ ಲೈಬ್ರರಿ

ಸಾಮಾನ್ಯ ಚಾಟ್‌ಗೆ 'ಹತ್ತು ರೆಫರೆನ್ಸ್ ಕೊಡು' ಅಂತ ಕೇಳಬೇಡಿ. 2023ರಲ್ಲಿ ನ್ಯೂಯಾರ್ಕಿನ ಇಬ್ಬರು ವಕೀಲರು ಹೀಗೇ ಚಾಟ್‌ಜಿಪಿಟಿ ಕೊಟ್ಟ ತೀರ್ಪುಗಳನ್ನು ಕೋರ್ಟಿಗೆ ಸಲ್ಲಿಸಿದ್ದರು, ಏವಿಯಾಂಕಾ ವಿಮಾನ ಕಂಪನಿಯ ವಿರುದ್ಧದ ಕೇಸಿನಲ್ಲಿ. ಆ ತೀರ್ಪುಗಳು ಇರಲೇ ಇಲ್ಲ. 5,000 ಡಾಲರ್ ದಂಡ ಬಿತ್ತು. ಓದಿ ಅನುಭವ ಇದ್ದ ವಕೀಲರ ಕಣ್ಣನ್ನೇ ತಪ್ಪಿಸಿದ್ದು ನಿಮ್ಮ ಕಣ್ಣಿಗೆ ಸುಲಭವಾಗಿ ಬೀಳುತ್ತದೆ ಅಂದುಕೊಳ್ಳಬೇಡಿ.

ಪರ್ಪ್ಲೆಕ್ಸಿಟಿ ವೆಬ್ಬಿನಲ್ಲಿ ಹುಡುಕಿ ಲಿಂಕ್ ಸಮೇತ ಉತ್ತರ ಕೊಡುತ್ತದೆ, ಆ ಮಟ್ಟಿಗೆ ಒಳ್ಳೆಯದು. ಚಾಟ್‌ಜಿಪಿಟಿ, ಜೆಮಿನಿಗಳೂ ಈಗ ವೆಬ್ ಹುಡುಕುತ್ತವೆ. ಆದರೆ ಲಿಂಕ್ ಇದೆ ಅಂದ ಮಾತ್ರಕ್ಕೆ ಆ ಪುಟದಲ್ಲಿ ಆ ಮಾತು ಇದೆ ಅಂತಲ್ಲ. ತೆರೆದು ಓದಿ. ತೆರೆಯದ ಲಿಂಕನ್ನು ರಿಪೋರ್ಟ್‌ನಲ್ಲಿ ಹಾಕಬೇಡಿ, ಅಷ್ಟೇ.

ಪ್ರಾಜೆಕ್ಟ್‌ಗೆ ಗಟ್ಟಿ ರೆಫರೆನ್ಸ್ ಬೇಕಾದರೆ ಎಐ ಬಿಟ್ಟು ಗೂಗಲ್ ಸ್ಕಾಲರ್‌ಗೆ ಹೋಗಿ, ಭಾರತದ ಪಿಎಚ್‌ಡಿ ಪ್ರಬಂಧಗಳಿಗೆ ಶೋಧಗಂಗಾ ಇದೆ. ನಿಮ್ಮ ಲೈಬ್ರರಿಯನ್ ಹತ್ತಿರ ಎನ್‌-ಲಿಸ್ಟ್ ಲಾಗಿನ್ ಕೇಳಿ. ಸಾವಿರಾರು ಇ-ಜರ್ನಲ್, ಇ-ಪುಸ್ತಕಗಳಿರುವ ಈ ಸೌಲಭ್ಯಕ್ಕೆ ಎಷ್ಟೋ ಕಾಲೇಜುಗಳು ಚಂದಾ ಕಟ್ಟಿರುತ್ತವೆ, ವಿದ್ಯಾರ್ಥಿಗಳಿಗೆ ಮಾತ್ರ ಅದು ಇದೆ ಅಂತಲೇ ಗೊತ್ತಿರುವುದಿಲ್ಲ. ಇದು ನನಗೆ ತುಂಬಾ ಬೇಸರದ ವಿಷಯ.

ಕನ್ನಡದಲ್ಲಿ ಬರೆಯಲು

ಜೆಮಿನಿ, ಚಾಟ್‌ಜಿಪಿಟಿ ಎರಡೂ ಕನ್ನಡ ಬರೆಯುತ್ತವೆ, ಕಾಗುಣಿತವೂ ಬಹುಪಾಲು ಸರಿ ಇರುತ್ತದೆ. ಆದರೆ ಅದು ಇಂಗ್ಲಿಷ್ ಮೈಗೆ ಕನ್ನಡ ಅಂಗಿ ತೊಡಿಸಿದ ಹಾಗೆ. 'ಇದು ಕೇವಲ ಹಬ್ಬವಲ್ಲ, ಬದಲಿಗೆ ಸಂಸ್ಕೃತಿಯ ಪ್ರತಿಬಿಂಬ' ಅಂತ ಒಂದೇ ಅಚ್ಚಿನ ವಾಕ್ಯ ನಲವತ್ತು ಅಸೈನ್‌ಮೆಂಟ್‌ನಲ್ಲಿ ಓದಿದ್ದೇನೆ. ನಿಮ್ಮೂರಿನ ಹಬ್ಬದ ಬಗ್ಗೆ ಬರೆಯಿರಿ ಅಂದರೆ ತೇರು ಎಳೆಯುವಾಗ ಹಗ್ಗ ಹಿಡಿದ ಕೈ ಉರಿದದ್ದು, ಬಾಳೆಹಣ್ಣಿಗೆ ದವನ ಸಿಕ್ಕಿಸಿ ಎಸೆದದ್ದು ಬರಬೇಕು. ಅದು ಯಾವ ಸರ್ವರ್‌ನಲ್ಲೂ ಇಲ್ಲ, ನಿಮ್ಮಲ್ಲಿದೆ. ಭಾಷಾ ವಿಷಯದ ಅಸೈನ್‌ಮೆಂಟ್‌ಗೆ ನನ್ನ ತೀರ್ಮಾನ ಸ್ಪಷ್ಟ: ಬರೆಯುವುದು ನೀವು, ಬರೆದ ಮೇಲೆ 'ಎಲ್ಲಿ ಅರ್ಥವಾಗುವುದಿಲ್ಲ ಹೇಳು' ಅಂತ ಬೇಕಾದರೆ ಎಐ ಕೇಳಿ. ಪದದ ಅರ್ಥಕ್ಕೆ ಅಲರ್ ನಿಘಂಟು ಮತ್ತು ಸರ್ಕಾರದ ಪದಕಣಜ ಇವೆ, ಎರಡೂ ಉಚಿತ. ಹಳೆಗನ್ನಡ ಪದಕ್ಕೆ ಎಐ ಹೇಳಿದ ಅರ್ಥವನ್ನು ನಿಘಂಟು ನೋಡದೆ ನಂಬಲೇಬೇಡಿ.

ಕೋಡ್ ಬರೆಯಲು

ಇದು ನನ್ನ ವಿಷಯವಲ್ಲ, ಹಾಗಾಗಿ ಬಿಸಿಎ ವಿಭಾಗದ ಸಹೋದ್ಯೋಗಿ ಹೇಳಿದ್ದನ್ನೇ ಹೇಳುತ್ತೇನೆ. ಎಡಿಟರ್ ಒಳಗೇ ಕೂತು ಟೈಪ್ ಮಾಡುತ್ತಿದ್ದಂತೆ ಉಳಿದ ಸಾಲು ತುಂಬುವ ಗಿಟ್‌ಹಬ್ ಕೋಪೈಲಟ್‌ನಂಥದ್ದು ಮೊದಲ ವರ್ಷ ಬೇಡ, ಆಫ್ ಮಾಡಿಡಿ. ಎರರ್ ಬಂದಾಗ ಚಾಟ್‌ಗೆ ಹೋಗಿ 'ಕೋಡ್ ಸರಿ ಮಾಡಬೇಡ, ಈ ಎರರ್ ಯಾಕೆ ಬಂತು ಅಂತ ಮಾತ್ರ ಹೇಳು' ಅಂತ ಕೇಳಿ. ಲ್ಯಾಬ್ ಪರೀಕ್ಷೆಯ ದಿನ ಆ ಯಾವ ಸಹಾಯವೂ ಇರುವುದಿಲ್ಲ. ಎಐ ಕೋಡ್‌ನ ಒಳ್ಳೆಯದೇನೆಂದರೆ ಓಡಿಸಿ ನೋಡಬಹುದು. ಆದರೆ ಓಡಿದ್ದೆಲ್ಲ ಸರಿ ಅಲ್ಲ, ಖಾಲಿ ಇನ್‌ಪುಟ್, ಸೊನ್ನೆ, ಮೈನಸ್ ಸಂಖ್ಯೆ ಕೊಟ್ಟು ನೋಡಬೇಕು. ಫೈನಲ್ ಇಯರ್‌ಗೆ ಬಂದಾಗ ಕೋಪೈಲಟ್ ಬಳಸಿ, ಕಂಪನಿಗಳಲ್ಲೂ ಬಳಸುತ್ತಾರೆ, ಆದರೆ ನಿಮ್ಮ ಪ್ರಾಜೆಕ್ಟ್‌ನ ಯಾವ ಫಂಕ್ಷನ್ ಮೇಲೆ ಬೆರಳಿಟ್ಟರೂ ವಿವರಿಸಲು ಬರಬೇಕು.

ಪ್ರಾಜೆಕ್ಟ್ ಸರ್ವೆ: ಇಲ್ಲಿ ಯಾವ ಟೂಲೂ ಬೇಡ

ಬಿಕಾಂ, ಬಿಬಿಎ ಪ್ರಾಜೆಕ್ಟ್‌ಗಳಲ್ಲಿ ನೂರು ಜನರ ಸರ್ವೆ ಮಾಡಿ ಅನ್ನುತ್ತಾರೆ. ಬಿಸಿಲಲ್ಲಿ ಅಂಗಡಿ ಅಂಗಡಿ ತಿರುಗಬೇಕು, ಅರ್ಧ ಜನ ಉತ್ತರಿಸುವುದಿಲ್ಲ, ಕಷ್ಟ ನನಗೆ ಗೊತ್ತು. ಆದರೆ ಎಐಗೆ 'ನೂರು ಜನರ ಉತ್ತರ ತಯಾರು ಮಾಡು' ಅಂತ ಹೇಳಿ ಟೇಬಲ್ ಮಾಡಿಸಿದರೆ ಅದು ಸುಳ್ಳು ದತ್ತಾಂಶ. ಕಾಪಿ ಹೊಡೆಯುವುದಕ್ಕಿಂತ ದೊಡ್ಡ ತಪ್ಪು. ಕಾಪಿಯಲ್ಲಿ ಮಾತು ಬೇರೆಯವರದ್ದಾದರೂ ವಿಷಯ ಎಲ್ಲೋ ಇರುತ್ತದೆ, ಇಲ್ಲಿ ಇಲ್ಲದ ಜನರ ಬಾಯಲ್ಲಿ ಇಲ್ಲದ ಮಾತು ಇಡುತ್ತೀರಿ. ಮೂವತ್ತೇ ಜನ ಸಿಕ್ಕರೆ ಮೂವತ್ತು ಅಂತಲೇ ಬರೆಯಿರಿ, ಯಾಕೆ ಮೂವತ್ತು ಅಂತ ಒಂದು ಪ್ಯಾರಾ ಬರೆಯಿರಿ. ನಾನು ಪರೀಕ್ಷಕಿಯಾದರೆ ಆ ಪ್ಯಾರಾಕ್ಕೇ ಮಾರ್ಕ್ಸ್ ಕೊಡುತ್ತೇನೆ.

ಪ್ರಶ್ನಾವಳಿ ಮಾಡಲು, ಎಕ್ಸೆಲ್ ಸೂತ್ರ ಕೇಳಲು ಎಐ ಬಳಸಬಹುದು. ಆದರೆ ಜನರ ಹೆಸರು, ಫೋನ್ ನಂಬರ್, ಸಂಬಳ ಇರುವ ಶೀಟನ್ನು ಹಾಗೇ ಅಪ್‌ಲೋಡ್ ಮಾಡಬೇಡಿ. ಅವರು ನಿಮ್ಮನ್ನು ನಂಬಿ ಹೇಳಿದ್ದು.

ಯಾವ ಖಾತೆಯಿಂದ?

ಪರ್ಸನಲ್ ಜೆಮಿನಿ ಖಾತೆಯ ಕೆಲವು ಚಾಟ್‌ಗಳನ್ನು ಗೂಗಲ್‌ನ ಪರಿಶೀಲಕರು ಓದಬಹುದು, ಹಾಗೆ ಓದಿದ್ದು ನೀವು ಅಳಿಸಿದರೂ 3 ವರ್ಷದವರೆಗೆ ಉಳಿಯಬಹುದು ಅಂತ ಗೂಗಲ್ಲೇ ಹೇಳುತ್ತದೆ. ಗುಟ್ಟಿನ ವಿಷಯ ಹಾಕಬೇಡಿ ಅಂತಲೂ ಹೇಳುತ್ತದೆ. ಚಾಟ್‌ಜಿಪಿಟಿಯಲ್ಲಿ ಸೆಟ್ಟಿಂಗ್ಸ್ ಒಳಗೆ ಡೇಟಾ ಕಂಟ್ರೋಲ್ಸ್‌ಗೆ ಹೋಗಿ ನಿಮ್ಮ ಚಾಟನ್ನು ತರಬೇತಿಗೆ ಬಳಸುವುದನ್ನು ಆಫ್ ಮಾಡಬಹುದು, ಇವತ್ತೇ ಮಾಡಿ. ಕಾಲೇಜು ಕೊಟ್ಟ ಗೂಗಲ್ ಅಥವಾ ಮೈಕ್ರೋಸಾಫ್ಟ್ ಐಡಿ ಇದ್ದು ಅದರಲ್ಲಿ ಜೆಮಿನಿ ಅಥವಾ ಮೈಕ್ರೋಸಾಫ್ಟ್‌ನ ಕೋಪೈಲಟ್ ಚಾಟ್ ತೆರೆಯುವುದಾದರೆ ಅದು ಮೇಲು, ಸಂಸ್ಥೆಯ ಖಾತೆಗೆ ರಕ್ಷಣೆ ಜಾಸ್ತಿ. ಸ್ಕಾಲರ್‌ಶಿಪ್ ಅರ್ಜಿ ತುಂಬಿಸಲು ಆಧಾರ್, ಜಾತಿ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ಫೋಟೊ ಹಾಕುವವರಿದ್ದಾರೆ. ದಯವಿಟ್ಟು ಬೇಡ. ಫಾರ್ಮಿನ ಪ್ರಶ್ನೆ ಮಾತ್ರ ಟೈಪ್ ಮಾಡಿ ಅರ್ಥ ಕೇಳಿ.

ಇನ್ನು ಫ್ರೀ ಆಫರ್. ಶುರುವಿನಲ್ಲೇ ಯುಪಿಐ ಅಥವಾ ಕಾರ್ಡ್ ಸೇರಿಸಲು ಕೇಳಿದರೆ ಆಟೊಪೇ ಅಂತ ಅರ್ಥ. ಚಾಟ್‌ಜಿಪಿಟಿ ಗೋ ಬಂದಾಗ ತಿಂಗಳಿಗೆ 399 ರೂಪಾಯಿ ಇತ್ತು. ಅವಧಿ ಮುಗಿಯುವ ದಿನವನ್ನು ಫೋನ್ ಕ್ಯಾಲೆಂಡರ್‌ನಲ್ಲಿ ಹಾಕಿಡಿ, ಅಪ್ಪನ ಖಾತೆಯಿಂದ ದುಡ್ಡು ಹೋದ ಮೇಲೆ ಪೇಚಾಡುವುದು ಬೇಡ.

ಡಿಟೆಕ್ಟರ್ ನಂಬಬೇಕಾ?

ಇದನ್ನು ಮಕ್ಕಳಿಗೂ ಹೇಳುತ್ತೇನೆ, ನನ್ನ ಸಹೋದ್ಯೋಗಿಗಳಿಗೂ ಹೇಳುತ್ತೇನೆ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ, ಬರಹ ಎಐಯದ್ದಾ ಅಂತ ಪತ್ತೆ ಮಾಡುವ ಒಂದು ಡಿಟೆಕ್ಟರ್ ತಂದು, ಅದು ಎಐ ಬರಹದಲ್ಲಿ ಶೇ. 26ರಷ್ಟನ್ನು ಮಾತ್ರ ಹಿಡಿಯುತ್ತದೆ ಅಂತ ಹೇಳಿ, ಜುಲೈನಲ್ಲಿ ವಾಪಸ್ ತೆಗೆದುಕೊಂಡಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಏಳು ಡಿಟೆಕ್ಟರ್‌ಗಳಿಗೆ ಟೋಫೆಲ್ ಅನ್ನುವ ಇಂಗ್ಲಿಷ್ ಪರೀಕ್ಷೆಯ 91 ಪ್ರಬಂಧ ಕೊಟ್ಟು ನೋಡಿದರು. ಎಲ್ಲ ಮನುಷ್ಯರೇ ಬರೆದದ್ದು, ಇಂಗ್ಲಿಷ್ ಮನೆಮಾತಲ್ಲದವರು ಬರೆದದ್ದು. ಸರಾಸರಿ ಶೇ. 61ರಷ್ಟನ್ನು ಎಐ ಬರೆದದ್ದು ಅಂತ ತಪ್ಪಾಗಿ ಹೇಳಿದವು. ಸರಳ ಪದ, ಸರಳ ವಾಕ್ಯ ಬಳಸಿದ್ದೇ ಅವರ ತಪ್ಪು. ನಮ್ಮ ಕನ್ನಡ ಮಾಧ್ಯಮದ ಮಕ್ಕಳು ಬರೆಯುವುದೂ ಅಂಥದ್ದೇ ಇಂಗ್ಲಿಷ್ ಅಲ್ವಾ? ಒಂದು ಶೇಕಡಾವಾರು ನಂಬರ್ ನೋಡಿ ಮಗುವಿಗೆ 'ನೀನು ಕದ್ದೆ' ಅನ್ನುವುದು ಅನ್ಯಾಯ.

ಇನ್ನೊಂದು ಗೊಂದಲ. ಯುಜಿಸಿಯ 2018ರ ನಿಯಮದಲ್ಲಿ ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ, ಅದಕ್ಕಿಂತ ಜಾಸ್ತಿಯಾದರೆ ಹಂತ ಹಂತವಾಗಿ ಶಿಕ್ಷೆ. ಅದು ಬೇರೆಯವರ ಬರಹದ ಜೊತೆಗಿನ ಹೋಲಿಕೆಯ ಲೆಕ್ಕ, ಎಐ ಲೆಕ್ಕ ಅಲ್ಲ. ಎರಡು ನಂಬರ್ ಬೇರೆ ಬೇರೆ. ಹೋಲಿಕೆ ಶೂನ್ಯ ಬಂತು ಅಂತ ಪೂರ್ತಿ ಎಐ ಬರಹ ಕೊಡುವವರು ಸಾಫ್ಟ್‌ವೇರ್‌ನಲ್ಲಿ ಅಲ್ಲ, ವೈವಾದಲ್ಲಿ ಸಿಕ್ಕಿಬೀಳುತ್ತಾರೆ.

ನಿಮ್ಮ ರಕ್ಷಣೆಗೆ ನೀವು ಮಾಡಬೇಕಾದ್ದು: ರಫ್ ಹಾಳೆ ಎಸೆಯಬೇಡಿ, ಗೂಗಲ್ ಡಾಕ್ಸ್‌ನಲ್ಲಿ ಬರೆದರೆ ಯಾವ ದಿನ ಏನು ಬರೆದಿರಿ ಅನ್ನುವ ಹಿಸ್ಟರಿ ಉಳಿಯುತ್ತದೆ. ಎಐ ಬರಹವನ್ನು ಮನುಷ್ಯರದ್ದರಂತೆ ಮಾಡಿಕೊಡುತ್ತೇವೆ ಅನ್ನುವ ಆ್ಯಪ್‌ಗಳ ಹತ್ತಿರ ಹೋಗಬೇಡಿ. ಮತ್ತೆ, ಬಳಸಿದ್ದನ್ನು ಬರೆದುಬಿಡಿ. ನಾನು ತರಗತಿಯಲ್ಲಿ ಕೊಡುವ ಮಾದರಿ ಇಷ್ಟು: "ಎರಡನೆಯ ಅಧ್ಯಾಯದ ಪರಿಕಲ್ಪನೆ ಅರ್ಥ ಮಾಡಿಕೊಳ್ಳಲು ಚಾಟ್‌ಜಿಪಿಟಿ ಬಳಸಿದ್ದೇನೆ. ಇಂಗ್ಲಿಷ್ ವ್ಯಾಕರಣ ತಿದ್ದಲು ಜೆಮಿನಿ ಬಳಸಿದ್ದೇನೆ. ರೆಫರೆನ್ಸ್‌ಗಳನ್ನೆಲ್ಲ ನಾನೇ ತೆರೆದು ಓದಿದ್ದೇನೆ. ಸರ್ವೆ ನಾನೇ ಮಾಡಿದ್ದು." ಇದನ್ನು ಬರೆದವರಿಗೆ ನಾನು ಇವತ್ತಿನವರೆಗೆ ಒಂದು ಮಾರ್ಕೂ ಕಡಿಮೆ ಕೊಟ್ಟಿಲ್ಲ. ಆದರೆ ಬೇರೆ ಮೇಷ್ಟ್ರ ನಿಯಮ ಬೇರೆ ಇರಬಹುದು, ಅಸೈನ್‌ಮೆಂಟ್ ಕೊಟ್ಟ ದಿನವೇ "ಎಐ ಎಷ್ಟರ ಮಟ್ಟಿಗೆ ಬಳಸಬಹುದು ಸರ್?" ಅಂತ ಕೇಳಿಬಿಡಿ.

ಫೋನಲ್ಲಿ ಜಾಗ ಕಡಿಮೆ, ಒಂದೆರಡೇ ಬೇಕು ಅಂದರೆ

ಬಿಎ, ಬಿಕಾಂನವರು ನೋಟ್‌ಬುಕ್‌ಎಲ್‌ಎಂ ಇಟ್ಟುಕೊಳ್ಳಿ, ಜೊತೆಗೆ ಚಾಟ್‌ಜಿಪಿಟಿ ಅಥವಾ ಜೆಮಿನಿಯಲ್ಲಿ ಈಗಾಗಲೇ ಯಾವುದಿದೆಯೋ ಅದು. ಬಿಸಿಎದವರಿಗೆ ಚಾಟ್ ಒಂದು ಸಾಕು, ಎಡಿಟರ್‌ನ ಕೋಪೈಲಟ್ ಮೂರನೆಯ ವರ್ಷಕ್ಕೆ. ಪಿಜಿ ಮಾಡುವವರಿಗೆ ಪರ್ಪ್ಲೆಕ್ಸಿಟಿ ಉಪಯೋಗಕ್ಕೆ ಬರುತ್ತದೆ, ಶೋಧಗಂಗಾ, ಎನ್‌-ಲಿಸ್ಟ್ ಬ್ರೌಸರ್‌ನಲ್ಲೇ ತೆರೆಯುತ್ತವೆ. ಕನ್ನಡ ಐಚ್ಛಿಕ ತೆಗೆದುಕೊಂಡವರು ವಚನ ಸಂಚಯ ಮತ್ತು ಅಲರ್ ಎರಡನ್ನೂ ಹೋಮ್ ಸ್ಕ್ರೀನ್ ಮೇಲೆ ಹಾಕಿಕೊಳ್ಳಿ. ಆ ಬಿಕಾಂ ಹುಡುಗಿ ಹಾಗೇ ಮಾಡಿಕೊಂಡಳು. ಮರುವಾರ ಬೇರೆ ಐದು ವಚನ ತಂದಳು, ಆಯ್ದಕ್ಕಿ ಲಕ್ಕಮ್ಮನದ್ದೂ ಒಂದಿತ್ತು, ಪ್ರತಿಯೊಂದರ ಕೆಳಗೆ ಎಲ್ಲಿ ಸಿಕ್ಕಿತು ಅಂತ ಪೆನ್ಸಿಲ್‌ನಲ್ಲಿ ಬರೆದಿದ್ದಳು.